ಆರು ತಿಂಗಳ ಬಲೂನು, ಆಮೇಲಿನ ಊಟ

(ತಂಪಾನೂರಿನಲ್ಲಿ ನಡೆದ ಸಂಘದ ವೈದ್ಯಕೀಯ ನೆರವು ನಿಧಿಯ ವಾರ್ಷಿಕ ಸಭೆಯಲ್ಲಿ ನೆರವು ಸಮಿತಿಯ ಸದಸ್ಯರೊಬ್ಬರು ಮಾಡಿದ ಭಾಷಣ. ಸಭೆಗೆ ಬರಲಾಗದ ಸದಸ್ಯರ ಕೋರಿಕೆಯ ಮೇರೆಗೆ ಪೂರ್ಣಪಾಠವನ್ನು ಇಲ್ಲಿ ಕೊಟ್ಟಿದ್ದೇವೆ.)



ಪ್ರತಿ ವರ್ಷ ಈ ಸಭೆಯಲ್ಲಿ ನಾನು ಎದ್ದರೆ ಎಷ್ಟು ಅರ್ಜಿ ಬಂತು, ಎಷ್ಟು ನೆರವು ಕೊಟ್ಟೆವು, ಎಷ್ಟು ಹಣ ಉಳಿಯಿತು ಎಂದು ಓದಿ ಕೂರುತ್ತಿದ್ದೆ. ಈ ಸಲ ಆ ಕೆಲಸವನ್ನು ಖಜಾಂಚಿಯವರಿಗೆ ಬಿಟ್ಟಿದ್ದೇನೆ. ನನಗೆ ಇಪ್ಪತ್ತು ನಿಮಿಷ ಕೊಡಿ ಎಂದು ಅಧ್ಯಕ್ಷರನ್ನು ಕೇಳಿಕೊಂಡೆ. ನಿಮ್ಮೆಲ್ಲರ ಮುಂದೆ ಒಪ್ಪಿಕೊಳ್ಳಬೇಕಾದ ಎರಡು ವಿಷಯಗಳಿವೆ.

ಮೊದಲನೆಯದು. 2023ರ ಯುಗಾದಿ ಊಟದಲ್ಲಿ ನಾನು ಅರ್ಧ ಹೋಳಿಗೆ ತಿಂದು ಎಲೆ ಮಡಚಿದಾಗ ನಿಮ್ಮಲ್ಲಿ ಹಲವರು “ಏನು ಸಾರ್, ಹುಷಾರಿಲ್ವಾ?” ಎಂದು ಕೇಳಿದಿರಿ. ಓಣಂ ಊಟದಲ್ಲಿ ಪಾಲಡ ಪಾಯಸ ಬೇಡವೆಂದಾಗ ಬಡಿಸುವವರು ಮುನಿಸಿಕೊಂಡರು. ಗ್ಯಾಸ್ ತೊಂದರೆ ಎಂದು ಹೇಳಿ ತಪ್ಪಿಸಿಕೊಂಡೆ. ಅದು ಸುಳ್ಳು. ಆ ಆರು ತಿಂಗಳು ನನ್ನ ಜಠರದೊಳಗೆ ಉಪ್ಪುನೀರು ತುಂಬಿದ ಒಂದು ಸಿಲಿಕೋನ್ ಬಲೂನು ಇತ್ತು. ತೂಕ ಇಳಿಸಲಿಕ್ಕೆ ಹಾಕಿಸಿಕೊಂಡದ್ದು. ಮನೆಯವಳನ್ನು ಬಿಟ್ಟು ಬೇರೆ ಯಾರಿಗೂ ಹೇಳಿರಲಿಲ್ಲ.

ಎರಡನೆಯದು. ಅದಕ್ಕೆ ನಾಲ್ಕು ತಿಂಗಳ ಮುಂಚೆ, ಇದೇ ನಿಧಿಗೆ ಬಂದ ಒಂದು ಅರ್ಜಿಯ ಮೇಲೆ ನಾನು ನನ್ನ ಕೈಯಾರೆ, “ಇದು ಕಾಯಿಲೆಯಲ್ಲ, ಅಭ್ಯಾಸ. ನೆರವು ಶಿಫಾರಸು ಮಾಡಲಾಗದು” ಎಂದು ಬರೆದು ಸಹಿ ಹಾಕಿದ್ದೆ.

ಅರ್ಜಿದಾರರ ಹೆಸರು ಹೇಳುವುದಿಲ್ಲ. ಮಂಜೇಶ್ವರದ ಕಡೆಯ ಕನ್ನಡದ ಹೆಣ್ಣುಮಗಳು. ನಲವತ್ತರ ಹತ್ತಿರದ ವಯಸ್ಸು. ಶಾಲೆಯೊಂದರಲ್ಲಿ ಬಿಸಿಯೂಟದ ಅಡುಗೆ ಕೆಲಸ. ತಮ್ಮ ಇಲ್ಲೇ ತಂಪಾನೂರಿನ ಹೋಟೆಲೊಂದರಲ್ಲಿ ಕೆಲಸಕ್ಕಿದ್ದ. ಎರಡು ಹೆರಿಗೆಯೂ ಸಿಸೇರಿಯನ್. ಆ ಹೊಲಿಗೆಯ ಜಾಗದಲ್ಲಿ ಹರ್ನಿಯಾ ಆಗಿ ಹೊಟ್ಟೆ ಮುಂದಕ್ಕೆ ಉಬ್ಬಿತ್ತು. ತಮ್ಮನ ಆಸರೆ ಇದೆಯೆಂದು ಇಲ್ಲಿಗೆ ಬಂದು ತೋರಿಸಿದರು. ಸರ್ಜನ್ ಹೇಳಿದ್ದು ಇಷ್ಟು: ಈ ತೂಕದಲ್ಲಿ ಆಪರೇಷನ್ ಮಾಡಿದರೆ ಹೊಲಿಗೆ ನಿಲ್ಲುವುದು ಕಷ್ಟ, ಮೊದಲು ತೂಕ ಇಳಿಸಬೇಕು. ಅದಕ್ಕಿರುವ ದಾರಿಗಳನ್ನು ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಆಹಾರ ತಜ್ಞರ ಸಲಹೆ, ಔಷಧ, ಗ್ಯಾಸ್ಟ್ರಿಕ್ ಬಲೂನು, ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆ.

ಆಕೆ ನಮ್ಮಲ್ಲಿ ಬಲೂನಿಗೆ ಹಣ ಕೇಳಿರಲೇ ಇಲ್ಲ. ಆಹಾರ ತಜ್ಞರ ಭೇಟಿಗೆ, ರಕ್ತ ಪರೀಕ್ಷೆಗೆ, ತಿಂಗಳಿಗೊಮ್ಮೆ ಊರಿನಿಂದ ಬಂದುಹೋಗುವ ರೈಲಿನ ಖರ್ಚಿಗೆ, ಒಂದು ವರ್ಷಕ್ಕೆಂದು ಕೇಳಿದ್ದು 18,000 ರೂಪಾಯಿ. ಆದರೆ ಚೀಟಿಯಲ್ಲಿ “ಬಲೂನು” ಎಂಬ ಮಾತು ನನ್ನ ಕಣ್ಣಿಗೆ ಬಿತ್ತು. ಇದು ಸಿನಿಮಾದವರು ಮಾಡಿಸಿಕೊಳ್ಳುವ ಸೌಂದರ್ಯದ ವಿಷಯ ಎಂದುಕೊಂಡೆ. ಸಮಿತಿಯಲ್ಲಿ ಯಾರೋ “ಊಟ ಬಲ್ಲವನಿಗೆ ರೋಗವಿಲ್ಲ” ಅಂದರು. ನಾವು ನಕ್ಕೆವು. ಮುಂದಿನ ಅರ್ಜಿ ತೆಗೆದುಕೊಂಡೆವು.

ಆ ದಿನ ನಕ್ಕವನ ತೂಕ 106 ಕಿಲೋ ಇತ್ತು ಎಂಬುದನ್ನೂ ನಿಮಗೆ ಹೇಳಬೇಕು.

ನನ್ನ ಎತ್ತರ 168 ಸೆಂಟಿಮೀಟರ್. ಕಿಲೋಗಳಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಬರುವುದಕ್ಕೆ ಬಿಎಂಐ ಅನ್ನುತ್ತಾರೆ. ನನ್ನದು ಮೂವತ್ತೇಳು ದಾಟಿತ್ತು. ನಮ್ಮ ದೇಶದವರಿಗೆ 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು ಎಂದು ಭಾರತೀಯ ತಜ್ಞರು 2009ರಲ್ಲಿ ಒಮ್ಮತಕ್ಕೆ ಬಂದಿದ್ದರು. ಯುರೋಪಿನವರಿಗಿಂತ ಕಡಿಮೆ ತೂಕದಲ್ಲೇ ನಮಗೆ ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆ ಅಂಟಿಕೊಳ್ಳುತ್ತವೆ ಎಂಬುದು ಅದಕ್ಕೆ ಕಾರಣ. ನಾವು ಬದುಕುತ್ತಿರುವ ಈ ಕೇರಳದಲ್ಲಿ, 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ನೂರು ಹೆಂಗಸರಲ್ಲಿ 38 ಮಂದಿ, ನೂರು ಗಂಡಸರಲ್ಲಿ 36 ಮಂದಿ ಹೆಚ್ಚು ತೂಕದವರು. ಅದೂ 25ರ ಗೆರೆ ಎಳೆದು ಮಾಡಿದ ಲೆಕ್ಕ. ಇಡೀ ದೇಶದ ಸರಾಸರಿ ನೂರಕ್ಕೆ 23, 24. ಈ ಸಭಾಂಗಣದಲ್ಲಿ ನಾನು ಒಬ್ಬಂಟಿಯಲ್ಲ ಎನ್ನುವುದು ಕಣ್ಣಿಗೇ ಕಾಣುತ್ತಿದೆ.

ನನಗೆ ಸಕ್ಕರೆ ಕಾಯಿಲೆ ಇತ್ತು. ರೈಲ್ವೆ ಸ್ಟೇಷನ್ನಿನ ಮೇಲ್ಸೇತುವೆ ಹತ್ತಿದರೆ ಮಂಡಿ ಹಿಡಿಯುತ್ತಿತ್ತು. ಎಲ್ಲಕ್ಕಿಂತ ಭಯ ಹುಟ್ಟಿಸಿದ್ದು ನಿದ್ದೆ. ಗೊರಕೆಯ ನಡುವೆ ಉಸಿರು ನಿಂತುಹೋಗುತ್ತದೆ, ಆಮೇಲೆ ಒಮ್ಮೆಲೇ ಏದುಸಿರು ಬಿಡುತ್ತೀರಿ, ನಾನು ರಾತ್ರಿಯಿಡೀ ಕೂತು ನೋಡುತ್ತಿರುತ್ತೇನೆ ಎಂದು ಮನೆಯವಳು ಅತ್ತಳು. ಪರೀಕ್ಷೆಯಲ್ಲಿ ಸ್ಲೀಪ್ ಆಪ್ನಿಯಾ ಎಂದು ತಿಳಿಯಿತು. ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆ ಒಳ್ಳೆಯದು ಎಂದರು ವೈದ್ಯರು. ಹೊಟ್ಟೆಗೆ ಕತ್ತಿ ಹಾಕಿಸಿಕೊಳ್ಳಲು ನನಗೆ ಧೈರ್ಯವಾಗಲಿಲ್ಲ. ಕೊಚ್ಚಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕತ್ತಿಯಿಲ್ಲದೆ ಬಲೂನು ಹಾಕುತ್ತಾರೆ ಎಂದು ಕೇಳಿ ಬೆಳಗಿನ ವೇಣಾಡ್ ಹತ್ತಿದೆ.

ಈಗ ಆ ಬಲೂನಿನ ಬಗ್ಗೆ ಹೇಳುತ್ತೇನೆ. ನಿಮ್ಮಲ್ಲಿ ಹಲವರ ಮನೆಯಲ್ಲಿ ಈ ಮಾತು ಬಂದಿರಬಹುದು, ಜಾಹೀರಾತು ನೋಡಿರಬಹುದು. ಹಣ ಕಟ್ಟುವ ಮುಂಚೆ ಗೊತ್ತಿರಬೇಕಾದದ್ದು ಬಹಳ ಇದೆ. ನನಗೆ ಅದು ಗೊತ್ತಾದದ್ದು ಆಮೇಲೆ.

ಜಠರ ಹಿಗ್ಗುವ ಚೀಲ. ಅನ್ನ ಒಳಗೆ ಹೋದ ಹಾಗೆ ಅದರ ಗೋಡೆ ಹಿಗ್ಗುತ್ತದೆ. ಗೋಡೆಯಲ್ಲಿರುವ ನರದ ತುದಿಗಳು ಆ ಹಿಗ್ಗನ್ನು ಗುರುತಿಸಿ, ವೇಗಸ್ ಎಂಬ ನರದ ಮೂಲಕ ಮೆದುಳಿಗೆ ಸುದ್ದಿ ಮುಟ್ಟಿಸುತ್ತವೆ. ಕರುಳಿನಿಂದ ಬರುವ ಹಾರ್ಮೋನುಗಳೂ ಅದಕ್ಕೆ ದನಿಗೂಡಿಸುತ್ತವೆ. ಆಗ ನಮಗೆ “ಸಾಕು” ಅನ್ನಿಸುತ್ತದೆ. ಜಠರದಲ್ಲಿ ಮೊದಲೇ ಏನಾದರೂ ಜಾಗ ಹಿಡಿದು ಕೂತಿದ್ದರೆ ಈ “ಸಾಕು” ಬೇಗ ಬರುತ್ತದೆ, ಅನ್ನವೂ ಜಠರದಿಂದ ನಿಧಾನವಾಗಿ ಕೆಳಗಿಳಿಯುತ್ತದೆ. ಬಲೂನಿನ ತತ್ವ ಇಷ್ಟೇ. ಹೊಟ್ಟೆಯಲ್ಲಿ ಕೂದಲಿನ ಗಂಟು ಸೇರಿಕೊಂಡ ರೋಗಿಗಳು ಊಟ ಸೇರದೆ ಬಡವಾಗುವುದನ್ನು ವೈದ್ಯರು ಹಿಂದಿನಿಂದ ನೋಡಿದ್ದರು. ಆ ಗಂಟಿನ ಜಾಗದಲ್ಲಿ ಅಪಾಯವಿಲ್ಲದ ಒಂದು ವಸ್ತುವನ್ನು ಇಡಬಹುದೇ ಎಂಬ ಯೋಚನೆ ಅಲ್ಲಿಂದ ಬಂತು.

ಮೊದಲ ಪ್ರಯತ್ನ ಕೈಕೊಟ್ಟಿತು. 1985ರಲ್ಲಿ ಅಮೆರಿಕದ ಎಫ್‌ಡಿಎ, ಅಂದರೆ ಅಲ್ಲಿಯ ಔಷಧ ನಿಯಂತ್ರಣ ಸಂಸ್ಥೆ, ಗ್ಯಾರೆನ್–ಎಡ್ವರ್ಡ್ಸ್ ಬಬಲ್ ಎಂಬುದಕ್ಕೆ ಒಪ್ಪಿಗೆ ಕೊಟ್ಟಿತು. ಅದು ಗಾಳಿ ತುಂಬುವ ಸಿಲಿಂಡರ್ ಆಕಾರದ ಚೀಲ. ಅಂಚು ತಗಲಿ ಜಠರದಲ್ಲಿ ಹುಣ್ಣಾದವು. ಕೆಲವರಲ್ಲಿ ಗಾಳಿ ಹೋಗಿ ಕರುಳಿಗೆ ಜಾರಿ ಅಡ್ಡ ಕೂತಿತು. ಪಥ್ಯ ಮಾಡಿದವರಿಗಿಂತ ಬಬಲ್ ಹಾಕಿಸಿಕೊಂಡವರು ಹೆಚ್ಚೇನೂ ಇಳಿಯಲಿಲ್ಲ ಎಂದೂ ಅಧ್ಯಯನಗಳು ತೋರಿಸಿದವು. ಕೆಲವೇ ವರ್ಷಗಳಲ್ಲಿ ಅದು ಮಾರುಕಟ್ಟೆಯಿಂದ ಹೋಯಿತು. 1987ರಲ್ಲಿ ಫ್ಲಾರಿಡಾದ ಟಾರ್ಪನ್ ಸ್ಪ್ರಿಂಗ್ಸ್ ಎಂಬಲ್ಲಿ ತಜ್ಞರು ಸೇರಿ, ಒಳ್ಳೆಯ ಬಲೂನು ಹೇಗಿರಬೇಕು ಎಂದು ಚರ್ಚಿಸಿದರು. ನುಣುಪಾಗಿರಬೇಕು, ಜೋಡಣೆಯ ಗೆರೆ ಇರಬಾರದು, ದ್ರವ ತುಂಬುವಂತಿರಬೇಕು, ಎಕ್ಸ್‌ರೇಯಲ್ಲಿ ಕಾಣಬೇಕು, ಬಹುಕಾಲ ಬಾಳಬೇಕು. ಆ ಚರ್ಚೆಯ ಬಳಿಕ 1991ರಲ್ಲಿ ಬಂದದ್ದು ಉಪ್ಪುನೀರಿನ ದುಂಡು ಬಲೂನು. ಅದೇ ಮುಂದೆ ಆರ್ಬೆರಾ ಎಂಬ ಹೆಸರು ಪಡೆಯಿತು. ಬೇರೆ ದೇಶಗಳಲ್ಲಿ ಬಹಳ ಮೊದಲೇ ಬಳಕೆಯಲ್ಲಿದ್ದರೂ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 2015ರ ಆಗಸ್ಟಿನಲ್ಲಿ.

ಮೊದಲ ಸೋಲು ಎಂದಾಗ ನಮ್ಮೂರಿನದೇ ಒಂದು ಉಪಕರಣ ನೆನಪಾಗುತ್ತದೆ. ಇಲ್ಲಿಯ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಡಾ. ಎಂ.ಎಸ್. ವಲಿಯತ್ತಾನ್ ಮತ್ತು ಅವರ ತಂಡದವರು ಹೃದಯದ ಕೃತಕ ಕವಾಟ ಮಾಡಲು ಹೊರಟಾಗ ಮೊದಲ ಮೂರು ಮಾದರಿಗಳು ಸೋತವು. ನಾಲ್ಕನೆಯದನ್ನು 1990ರ ಡಿಸೆಂಬರಿನಲ್ಲಿ ಮೊದಲ ರೋಗಿಗೆ ಜೋಡಿಸಿದರು. ಇಂದಿಗೆ ಲಕ್ಷಕ್ಕೂ ಹೆಚ್ಚು ಜನರ ಎದೆಯಲ್ಲಿ ಚಿತ್ರಾ ಕವಾಟ ಸೇರಿದೆ. ವಲಿಯತ್ತಾನರು ಆಮೇಲೆ ನಮ್ಮ ಮಣಿಪಾಲಕ್ಕೆ ಕುಲಪತಿಯಾಗಿ ಹೋದದ್ದು ನಿಮಗೆ ಗೊತ್ತಿದೆ. ಆದರೆ ಕವಾಟಕ್ಕೂ ಬಲೂನಿಗೂ ದೊಡ್ಡ ವ್ಯತ್ಯಾಸವಿದೆ. ಕವಾಟವನ್ನು ಇಡುವುದು ವರ್ಷಾನುಗಟ್ಟಲೆ ಕೆಲಸ ಮಾಡಲಿ ಎಂದು. ಬಲೂನನ್ನು ಒಳಗೆ ಹಾಕುವಾಗಲೇ ಹೊರಗೆ ತೆಗೆಯುವ ದಿನ ಗೊತ್ತಾಗಿರುತ್ತದೆ. ಈ ಮಾತನ್ನು ನನಗೆ ಮೊದಲೇ ಯಾರಾದರೂ ಬಿಡಿಸಿ ಹೇಳಬೇಕಿತ್ತು.

ಕೊಚ್ಚಿಯಲ್ಲಿ ನನಗೆ ಅರೆಮಂಪರು ಬರಿಸಿ, ಬಾಯಿಯ ಮೂಲಕ ಎಂಡೋಸ್ಕೋಪಿ ಕೊಳವೆ ಇಳಿಸಿ ಜಠರ ಸರಿಯಿದೆಯೇ ನೋಡಿದರು. ಮಡಿಸಿದ ಬಲೂನನ್ನು ಅದೇ ದಾರಿಯಲ್ಲಿ ಇಳಿಸಿ ಉಪ್ಪುನೀರು ತುಂಬಿದರು. ಸಾಮಾನ್ಯವಾಗಿ 400ರಿಂದ 700 ಮಿಲಿಲೀಟರ್ ತುಂಬುತ್ತಾರೆ. ಕೆಲಸ ಮುಗಿಯಲು ಅರ್ಧ ಗಂಟೆಯೂ ಹಿಡಿಯಲಿಲ್ಲ. ನೀರಿಗೆ ಮೆಥಿಲಿನ್ ಬ್ಲೂ ಎಂಬ ನೀಲಿ ಬಣ್ಣ ಬೆರೆಸಿದ್ದೇವೆ, ಮೂತ್ರ ನೀಲಿಯಾಗಿಯೋ ಹಸಿರಾಗಿಯೋ ಕಂಡರೆ ಬಲೂನು ಸೋರಿದೆ ಎಂದು ತಿಳಿದು ಕೂಡಲೇ ಬನ್ನಿ ಎಂದರು. ಆರು ತಿಂಗಳೂ ನಾನು ಬಚ್ಚಲಲ್ಲಿ ದೀಪ ಹಾಕಿ ನೋಡಿದವನೇ.

ಮೊದಲ ನಾಲ್ಕು ದಿನ ನರಕ. ಜಠರ ಆ ಹೊರಗಿನ ವಸ್ತುವನ್ನು ತಳ್ಳಿಹಾಕಲು ನೋಡುತ್ತದೆ. ಒಂದೇ ಸಮನೆ ವಾಂತಿ, ಹೊಟ್ಟೆ ಹಿಂಡಿದಂತಹ ನೋವು. ಒಂದು ಚಮಚ ಎಳನೀರು ಕುಡಿದರೂ ನಿಲ್ಲಲಿಲ್ಲ. ಎರಡನೆಯ ರಾತ್ರಿ ತೆಗೆದುಬಿಡಿ ಎಂದು ಫೋನಿನಲ್ಲಿ ಅತ್ತಿದ್ದೇನೆ. ಐದನೆಯ ದಿನ ಗಂಜಿ ತೆಳಿ ನಿಂತಿತು. ಎರಡು ವಾರ ದ್ರವಾಹಾರ, ಆಮೇಲೆ ಮೆತ್ತಗಿನದು, ತಿಂಗಳಾದ ಮೇಲೆ ಮಾಮೂಲು ಊಟ. ಮಾಮೂಲು ಎಂದರೆ ಒಂದೂವರೆ ಇಡ್ಲಿ. ಆಸಿಡ್ ತಡೆಯುವ ಮಾತ್ರೆ ಬಲೂನು ಇರುವಷ್ಟು ದಿನವೂ ಬಿಡುವಂತಿಲ್ಲ.

ಆ ತಿಂಗಳುಗಳಲ್ಲಿ ನಾನು ಹುಟ್ಟಿದ ಮೇಲೆ ಮೊದಲ ಸಲ ಒಂದು ವಿಷಯ ಅನುಭವಿಸಿದೆ. ಎದುರಿಗೆ ತಿಂಡಿ ಇದ್ದರೂ ಬೇಡ ಅನ್ನಿಸುವುದು. ಎಷ್ಟೋ ಮಂದಿಗೆ ಇದು ಹುಟ್ಟಿನಿಂದಲೇ ಇರುತ್ತದೆ. ಅವರು ಎರಡು ದೋಸೆ ತಿಂದು ಕೈ ತೊಳೆಯುತ್ತಾರೆ, ಮತ್ತೆ ಆ ಬಗ್ಗೆ ಯೋಚಿಸುವುದಿಲ್ಲ. ನನಗೆ ನಾಲ್ಕು ತಿಂದರೂ ಐದನೆಯದರ ಮೇಲೆ ಕಣ್ಣು. ಐವತ್ತು ವರ್ಷ ಇದನ್ನು ನನ್ನ ಚಪಲ ಎಂದುಕೊಂಡಿದ್ದೆ. ಅರ್ಧ ಲೀಟರಿನಷ್ಟು ನೀರು ಹೊಟ್ಟೆಯಲ್ಲಿ ಕೂತ ಕೂಡಲೇ ಆ ಚಪಲ ಅಡಗಿತು. ಹಾಗಾದರೆ ಅದು ನನ್ನ ಗುಣದ ದೋಷವೋ, ಜಠರದಿಂದ ಮೆದುಳಿಗೆ ಹೋಗುವ ಸುದ್ದಿಯಲ್ಲಿರುವ ಕೊರತೆಯೋ? ಆ ಅರ್ಜಿಯ ಮೇಲೆ ನಾನು ಬರೆದ ಸಾಲು ನನ್ನನ್ನು ಚುಚ್ಚತೊಡಗಿದ್ದು ಆಗಲೇ.

ಸೆಪ್ಟೆಂಬರಿನಲ್ಲಿ ಬಲೂನು ತೆಗೆಯುವ ಹೊತ್ತಿಗೆ ನನ್ನ ತೂಕ 94 ಕಿಲೋ. 12 ಕಿಲೋ ಇಳಿದಿತ್ತು. ಅಮೆರಿಕದಲ್ಲಿ ಒಪ್ಪಿಗೆಗಾಗಿ ನಡೆದ ಅಧ್ಯಯನದಲ್ಲೂ ಆರು ತಿಂಗಳಿಗೆ ಸರಾಸರಿ ದೇಹತೂಕದ ನೂರಕ್ಕೆ ಹತ್ತರಷ್ಟು ಇಳಿದಿತ್ತು. ಹಾಗಾಗಿ ನನ್ನದು ಪವಾಡವಲ್ಲ, ಅದು ಕೊಡಬಹುದಾದಷ್ಟನ್ನು ಕೊಟ್ಟಿತು. ಸಕ್ಕರೆ ಮಾತ್ರೆ ಅರ್ಧಕ್ಕಿಳಿಯಿತು. ಮನೆಯವಳು ರಾತ್ರಿ ನಿದ್ದೆ ಮಾಡಿದಳು.

ಆಮೇಲಿನ ಕತೆಯನ್ನು ಜಾಹೀರಾತುಗಳು ಹೇಳುವುದಿಲ್ಲ. ತೆಗೆದ ಎರಡು ವಾರಕ್ಕೆ ನಾನು ಇಲ್ಲೇ ಬಸ್ ಸ್ಟ್ಯಾಂಡಿನ ಪಕ್ಕದ ಇಂಡಿಯನ್ ಕಾಫಿ ಹೌಸಿಗೆ ಹೋದೆ, ಲಾರಿ ಬೇಕರ್ ಕಟ್ಟಿದ ಆ ಸುರುಳಿ ಗೋಪುರಕ್ಕೆ. ಬೀಟ್‌ರೂಟ್ ಹಾಕಿದ ಮಸಾಲೆ ದೋಸೆ ಒಂದು ತಿಂದೆ. ಹೊಟ್ಟೆ ಖಾಲಿ ಇದ್ದಂತೆಯೇ ಇತ್ತು. ಇನ್ನೊಂದು ತರಿಸಿದೆ. ಆ ಬಲೂನು ಹೋದ ಜಾಗ ನನ್ನನ್ನು ಕರೆಯುತ್ತಿತ್ತು. ಕೊಚ್ಚಿಯ ಆಸ್ಪತ್ರೆಯಿಂದ ಆಮೇಲೆ ಒಂದು ಫೋನೂ ಬರಲಿಲ್ಲ. ಒಂದು ಅಚ್ಚಾದ ಹಾಳೆ ಕೊಟ್ಟಿದ್ದರು, ಅದರಲ್ಲಿ ಓಟ್ಸ್, ಬ್ರೊಕೊಲಿ ಎಂದೆಲ್ಲ ಇತ್ತು. ನಮ್ಮ ಮನೆಯ ಕುಚ್ಚಲಕ್ಕಿ ಅನ್ನ, ಹುರುಳಿ ಸಾರು, ತೆಂಗಿನಕಾಯಿ ಪಲ್ಯದ ಲೆಕ್ಕ ಅದರಲ್ಲಿ ಇರಲಿಲ್ಲ. ಒಂದು ವರ್ಷಕ್ಕೆ ತೂಕ 101ಕ್ಕೆ ಏರಿತು.

ಇದಕ್ಕೂ ದೇಹದೊಳಗೆ ಕಾರಣವಿದೆ. 1999ರಲ್ಲಿ ಜಪಾನಿನ ವಿಜ್ಞಾನಿಗಳು ಗ್ರೆಲಿನ್ ಎಂಬ ಹಸಿವಿನ ಹಾರ್ಮೋನನ್ನು ಗುರುತಿಸಿದರು. ಅದು ಮುಖ್ಯವಾಗಿ ಹುಟ್ಟುವುದು ಜಠರದಲ್ಲಿ. ತೂಕ ಇಳಿದಾಗ ಅದು ಏರುತ್ತದೆ. ಜೊತೆಗೆ ದೇಹ ತಾನು ಸುಡುವ ಶಕ್ತಿಯನ್ನೂ ಕಡಿಮೆ ಮಾಡಿಕೊಳ್ಳುತ್ತದೆ. ಬರಗಾಲ ಬಂತೆಂದು ಕಣಜದ ಬಾಗಿಲು ಹಾಕಿದ ಹಾಗೆ. ಕೃತಕ ಕವಾಟ ನಾವು ಮಲಗಿದ್ದಾಗಲೂ ತನ್ನ ಕೆಲಸ ಮಾಡುತ್ತದೆ. ಬಲೂನು ಆರು ತಿಂಗಳ ಅವಕಾಶ ಮಾತ್ರ ಕೊಡುತ್ತದೆ. ಆ ಅವಧಿಯಲ್ಲಿ ಯಾರಾದರೂ ಪಕ್ಕದಲ್ಲಿ ಕೂತು ಊಟದ ಅಳತೆ, ನಡಿಗೆ, ನಿದ್ದೆ ಕಲಿಸಿದರೆ ಅದು ಉಳಿಯುತ್ತದೆ. ಇಲ್ಲದಿದ್ದರೆ ಬಲೂನಿನ ಜೊತೆಗೇ ಹೋಗುತ್ತದೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇಲ್ಲಿಯ ಒಬ್ಬ ಆಹಾರ ತಜ್ಞೆ. ಒಂದು ಭೇಟಿಗೆ ಕೆಲವು ನೂರು ರೂಪಾಯಿ. ಕುಚ್ಚಲಕ್ಕಿ ಬಿಡಬೇಡಿ ಸಾರ್, ಒಂದು ಸೌಟು ಕಡಿಮೆ ಮಾಡಿ, ಮೊದಲು ಪಲ್ಯ ಮತ್ತು ಬೇಳೆ ತಿನ್ನಿ, ಅನ್ನ ಕೊನೆಗೆ ಎಂದು ಮಲಯಾಳದಲ್ಲಿ ಹೇಳಿದರು. ತಿಂಗಳಿಗೊಮ್ಮೆ ತೂಕ ನೋಡಿದರು, ಹೆಚ್ಚಾದ ತಿಂಗಳು ಬೈಯಲಿಲ್ಲ. ಇವತ್ತು ನನ್ನ ತೂಕ 96. ಬಲೂನಿಗೆ ಒಟ್ಟು ಖರ್ಚಾದದ್ದು 2,40,000 ರೂಪಾಯಿ. ವಿಮೆಯವರು ಒಂದು ಪೈಸೆ ಕೊಡಲಿಲ್ಲ. ಬಿಎಂಐ 40 ದಾಟಿದವರಿಗೆ, ಅಥವಾ 35 ದಾಟಿ ಗಂಭೀರ ಕಾಯಿಲೆ ಇದ್ದವರಿಗೆ, ಶಸ್ತ್ರಚಿಕಿತ್ಸೆಗೆ ವಿಮೆ ಸಿಗುವ ದಾರಿಯಿದೆ. ನನ್ನ ಪಾಲಿಸಿಯಲ್ಲಿ ಬಲೂನು ಆ ಲೆಕ್ಕಕ್ಕೆ ಬರಲಿಲ್ಲ.

ಅಪಾಯದ ಮಾತನ್ನೂ ಮುಚ್ಚಿಡಬಾರದು. 2017ರಲ್ಲಿ ಎಫ್‌ಡಿಎ ದ್ರವ ತುಂಬುವ ಬಲೂನುಗಳ ಬಗ್ಗೆ ವೈದ್ಯರಿಗೆ ಎರಡು ಸಲ ಎಚ್ಚರಿಕೆಯ ಪತ್ರ ಬರೆಯಿತು. ಕೆಲವರಲ್ಲಿ ಬಲೂನು ಒಳಗೇ ತಾನಾಗಿ ಉಬ್ಬಿತ್ತು, ಕೆಲವರಿಗೆ ಮೇದೋಜೀರಕ ಗ್ರಂಥಿಯ ಉರಿಯೂತವಾಗಿತ್ತು. 2016ರಿಂದ ಐದು ಸಾವುಗಳು ವರದಿಯಾಗಿವೆ ಎಂದು ಆಗಸ್ಟಿನ ಪತ್ರ ಹೇಳಿತು. ಸಾವಿಗೆ ಬಲೂನೇ ಕಾರಣವೆಂದು ಆಗ ಖಚಿತವಾಗಿರಲಿಲ್ಲ. ಬಲೂನು ಹಾಕಿಸಿಕೊಂಡವರ ಸಂಖ್ಯೆಯ ಮುಂದೆ ಇದು ಸಣ್ಣ ಪಾಲು, ಆದರೂ ಸಹಿ ಹಾಕುವವರಿಗೆ ಗೊತ್ತಿರಬೇಕು. ಮೊದಲೇ ಜಠರದ ಶಸ್ತ್ರಚಿಕಿತ್ಸೆ ಆದವರಿಗೆ, ಹುಣ್ಣು ಇರುವವರಿಗೆ, ಗರ್ಭಿಣಿಯರಿಗೆ ಬಲೂನು ಸಲ್ಲದು. ನಮ್ಮ ಸದಸ್ಯರಲ್ಲೇ ಚಿತ್ರಾ ಕವಾಟ ಹಾಕಿಸಿಕೊಂಡವರಿದ್ದೀರಿ. ನೀವು ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತೀರಿ, ಅಂಥವರಿಗೂ ಸಾಮಾನ್ಯವಾಗಿ ಬೇಡವೆನ್ನುತ್ತಾರೆ.

ಬೇರೆ ಬಗೆಗಳೂ ಇವೆ. ಎಂಡೋಸ್ಕೋಪಿ ಇಲ್ಲದೆ ಮಾತ್ರೆಯಂತೆ ನುಂಗುವ ಬಲೂನು ಬಂದಿದೆ. ಅದಕ್ಕೆ ಅಂಟಿದ ಸಪೂರ ಕೊಳವೆಯಿಂದ ನೀರು ತುಂಬಿ ಕೊಳವೆ ಎಳೆದುಬಿಡುತ್ತಾರೆ, ಸುಮಾರು ನಾಲ್ಕು ತಿಂಗಳಿಗೆ ಅದು ತಾನೇ ಖಾಲಿಯಾಗಿ ಮಲದಲ್ಲಿ ಹೋಗುತ್ತದೆ. ಕಾಮಕಸ್ತೂರಿ ಬೀಜ ನೀರಿನಲ್ಲಿ ಉಬ್ಬುವುದನ್ನು ನೋಡಿದ್ದೀರಲ್ಲ, ಹಾಗೆ ಜಠರದಲ್ಲಿ ಉಬ್ಬುವ ಪ್ಲೆನಿಟಿ ಎಂಬ ಗುಳಿಗೆಗೆ ಅಮೆರಿಕದಲ್ಲಿ 2019ರಲ್ಲಿ ಒಪ್ಪಿಗೆ ಸಿಕ್ಕಿತು. ಗುಳಿಗೆಯಾದರೂ ಅದನ್ನು ಔಷಧವೆಂದು ಕರೆಯದೆ ಉಪಕರಣ ಎಂದೇ ಲೆಕ್ಕಹಾಕಿದರು. 2023ರಲ್ಲಿ ಆ ಕಂಪನಿ ದಿವಾಳಿಯಾಯಿತು. ಬಾಯಿಯ ಮೂಲಕವೇ ಹೋಗಿ ಜಠರವನ್ನು ಒಳಗಿನಿಂದ ಹೊಲಿದು ಕಿರಿದು ಮಾಡುವ ವಿಧಾನವೂ ಇದೆ. 2025ರಲ್ಲಿ ಮೌಂಜಾರೋ, ವೆಗೋವಿ ಎಂಬ ವಾರದ ಚುಚ್ಚುಮದ್ದುಗಳು ನಮ್ಮ ದೇಶದ ಮಾರುಕಟ್ಟೆಗೆ ಬಂದವು. ಅವು ಬಲೂನಿಗಿಂತ ಹೆಚ್ಚು ತೂಕ ಇಳಿಸಬಲ್ಲವು, ಆದರೆ ನಿಲ್ಲಿಸಿದರೆ ತೂಕ ಮರಳುವ ಕಷ್ಟ ಅಲ್ಲಿಯೂ ಇದೆ. ಯಾವುದನ್ನೇ ಹಿಡಿದರೂ ಆಮೇಲಿನ ಊಟದ ಪ್ರಶ್ನೆಗೆ ಬಂದು ನಿಲ್ಲಬೇಕು.

ಈಗ ಆ ಹೆಣ್ಣುಮಗಳ ಕಡೆಗೆ ಬರುತ್ತೇನೆ.

2024ರ ಜನವರಿಯಲ್ಲಿ ಅವರ ತಮ್ಮ ನನಗೆ ಚಾಲೈ ಬಜಾರಿನಲ್ಲಿ ಸಿಕ್ಕಿದ. ಅಕ್ಕ ಹೇಗಿದ್ದಾರೆ ಎಂದೆ. ಹಿಂದಿನ ಮಳೆಗಾಲದಲ್ಲಿ ಹರ್ನಿಯಾದಲ್ಲಿ ಕರುಳು ಸಿಕ್ಕಿಕೊಂಡು, ರಾತ್ರೋರಾತ್ರಿ ಮಂಗಳೂರಿಗೆ ಒಯ್ದು ತುರ್ತು ಆಪರೇಷನ್ ಮಾಡಿಸಬೇಕಾಯಿತು ಎಂದ. ಕರುಳಿನ ಒಂದು ತುಂಡು ಕತ್ತರಿಸಿ ತೆಗೆದಿದ್ದರು. ಜೀವ ಉಳಿಯಿತು. ಮೂರು ತಿಂಗಳು ಕೆಲಸಕ್ಕೆ ಹೋಗಲಾಗಲಿಲ್ಲ, ಮನೆಯ ಚಿನ್ನ ಅಡವಿಗೆ ಹೋಯಿತು.

ನಾನು ಮಾವೇಲಿ ಹತ್ತಿ ಹೋದೆ. ಮನೆ ಹುಡುಕಿ, ಚಾವಡಿಯಲ್ಲಿ ಕೂತು, ನಿಮ್ಮ ಅರ್ಜಿಯ ಮೇಲೆ ಬೇಡವೆಂದು ಬರೆದವನು ನಾನೇ ಎಂದು ಹೇಳಿದೆ. ಏನು ಬರೆದಿದ್ದೆ ಎಂಬುದನ್ನೂ ಹೇಳಿದೆ. ಆಕೆ ಬೆಲ್ಲ, ನೀರು ತಂದಿಟ್ಟರು.

“ಬೇಜಾರು ಮಾಡ್ಬೇಡಿ ಅಣ್ಣ. ನಾನು ಕೂಡ ಹಾಗೇ ಗ್ರಹಿಸಿದ್ದು. ನನ್ನದೇ ತಪ್ಪು ಅಂತ,” ಎಂದರು.

ಆ ಮಾತು ಬೈಗುಳಕ್ಕಿಂತ ಹೆಚ್ಚು ನೋಯಿಸಿತು. ನಾವು ಕೊಡದೆ ಹೋದದ್ದು 18,000 ರೂಪಾಯಿ. ಅದರ ಜೊತೆಗೆ, ತಪ್ಪು ನಿನ್ನದೇ ಎಂಬ ತೀರ್ಪನ್ನು ಸಂಘದ ಮುದ್ರೆ ಒತ್ತಿ ಕಳಿಸಿದ್ದೆವು. ಆ 18,000 ಕೊಟ್ಟಿದ್ದರೆ ಎಲ್ಲವೂ ತಪ್ಪುತ್ತಿತ್ತು ಎಂದು ನಾನು ಹೇಳಲಾರೆ, ವೈದ್ಯರೂ ಹೇಳಲಾರರು. ಆದರೆ ತಿಂಗಳಿಗೊಮ್ಮೆ ಒಬ್ಬರು ತಜ್ಞರ ಕಣ್ಣಿಗೆ ಆಕೆ ಬೀಳುತ್ತಿದ್ದರು. ಅಷ್ಟಂತೂ ನಿಜ.

ಅದಕ್ಕಾಗಿ ನಿಮ್ಮ ಮುಂದೆ ಮೂರು ಕೋರಿಕೆಗಳನ್ನು ಇಡುತ್ತೇನೆ. ನೆರವು ಸಮಿತಿ ಒಪ್ಪಿದೆ, ನಿಮ್ಮ ಒಪ್ಪಿಗೆ ಬೇಕು.

ಒಂದು. ತೂಕಕ್ಕೆ ಸಂಬಂಧಿಸಿದ ಚಿಕಿತ್ಸೆ ಇನ್ನು ಮುಂದೆ ನಮ್ಮ ನಿಧಿಯ ನೆರವಿಗೆ ಅರ್ಹ. ಸಕ್ಕರೆ, ಉಸಿರಾಟ, ಕೀಲು, ಹರ್ನಿಯಾ, ಯಾವ ಕಾಯಿಲೆಗಾಗಿ ತೂಕ ಇಳಿಯಬೇಕು ಎಂದು ವೈದ್ಯರು ಬರೆದುಕೊಟ್ಟಿರಬೇಕು, ಅಷ್ಟೇ. ಅರ್ಜಿದಾರರ ಹೆಸರು ಸಮಿತಿಯ ಹೊರಗೆ ಹೋಗದು.

ಎರಡು. ನಾವು ಬಲೂನು ಕೊಳ್ಳಲು ಹಣ ಕೊಡುವುದಿಲ್ಲ. ನನ್ನ ಒಂದು ಬಲೂನಿನ ಖರ್ಚಿನಲ್ಲಿ, ಆ ಹೆಣ್ಣುಮಗಳು ಕೇಳಿದ ಲೆಕ್ಕದಂತೆ, ಹದಿಮೂರು ಜನರ ಒಂದು ವರ್ಷದ ಆಹಾರ ಸಲಹೆ, ಪರೀಕ್ಷೆ, ಪ್ರಯಾಣ ನಡೆಯುತ್ತದೆ. ಬಲೂನು ಸ್ವಂತ ಖರ್ಚಿನಲ್ಲಿ ಹಾಕಿಸಿಕೊಂಡವರಿಗೂ ಆಮೇಲಿನ ಆ ಒಂದು ವರ್ಷಕ್ಕೆ ನೆರವು ಸಿಗಬೇಕು. ಆಪರೇಷನ್ನಿಗೆ ಮುಂಚೆ ಬಲೂನೇ ಬೇಕೆಂದು ಸರ್ಜನ್ ಹೇಳಿದ ಸಂದರ್ಭ ಬಂದರೆ ಸಮಿತಿ ಪ್ರತ್ಯೇಕವಾಗಿ ಕೂತು ಯೋಚಿಸುತ್ತದೆ.

ಮೂರು. ಬೆಳಿಗ್ಗೆ ಮಲಬಾರ್, ಮಾವೇಲಿ ಇಳಿದು ಈ ತಂಪಾನೂರಿನಲ್ಲಿ ಫೈಲು ಹಿಡಿದು ನಿಲ್ಲುವ ಕಾಸರಗೋಡಿನ ಕನ್ನಡಿಗರಿಗೆ ಮಲಯಾಳದ ಒಪ್ಪಿಗೆ ಪತ್ರ ಓದಲು ಬರುವುದಿಲ್ಲ. ಶ್ರೀ ಚಿತ್ರಾಕ್ಕೋ ಕ್ಯಾನ್ಸರ್ ಸೆಂಟರಿಗೋ ಹೋಗುವವರ ಜೊತೆ ನಮ್ಮವರು ಈಗಾಗಲೇ ಹೋಗುತ್ತಿದ್ದಾರೆ. ತೂಕದ ಚಿಕಿತ್ಸೆಗೆ ಬರುವವರ ಜೊತೆಗೂ ಒಬ್ಬರು ಹೋಗಲಿ. ಹೋದವರು ನಾಲ್ಕು ಪ್ರಶ್ನೆ ಕೇಳಲಿ. ಇದನ್ನು ಯಾವಾಗ ತೆಗೆಯುತ್ತೀರಿ? ತೆಗೆದ ಮೇಲೆ ಒಂದು ವರ್ಷ ಯಾರು ನೋಡಿಕೊಳ್ಳುತ್ತಾರೆ? ಮಧ್ಯರಾತ್ರಿ ನೋವು ಬಂದರೆ ಯಾರಿಗೆ ಫೋನು ಮಾಡಬೇಕು? ತೆಗೆಯುವ ಖರ್ಚು ಈ ಹಣದಲ್ಲೇ ಸೇರಿದೆಯೇ? ನಾನು ಈ ನಾಲ್ಕರಲ್ಲಿ ಒಂದನ್ನೂ ಕೇಳಿರಲಿಲ್ಲ.

ಇನ್ನು ಹಣದ ಮಾತು. ಐವತ್ತು ಮನೆಯವರು ತಿಂಗಳಿಗೆ 500 ರೂಪಾಯಿ ಕೊಟ್ಟರೆ ವರ್ಷಕ್ಕೆ 3 ಲಕ್ಷ. ಅದರಲ್ಲಿ ಹದಿನಾರು ಜನರ ಒಂದು ವರ್ಷ ನಡೆಯುತ್ತದೆ. ಮೊದಲ 18,000 ರೂಪಾಯಿಯ ಚೆಕ್ಕನ್ನು ನಾನು ಇವತ್ತು ಬೆಳಿಗ್ಗೆ ಖಜಾಂಚಿಯವರಿಗೆ ಕೊಟ್ಟಿದ್ದೇನೆ. ಅದನ್ನು ದಾನ ಎಂದು ಬರೆಯಬೇಡಿ ಎಂದು ಅವರನ್ನು ಕೇಳಿಕೊಂಡಿದ್ದೇನೆ. ಮೂರು ವರ್ಷ ತಡವಾದ ಬಾಕಿ ಅದು. ಹಣ ಕೊಡಲಾಗದವರು ಜೊತೆಗೆ ಹೋಗುವವರ ಪಟ್ಟಿಯಲ್ಲಿ ಹೆಸರು ಬರೆಸಿ. ಪಟ್ಟಿ ಬಾಗಿಲ ಬಳಿಯ ಮೇಜಿನ ಮೇಲಿದೆ.

ಕೊನೆಯದಾಗಿ, ಇವತ್ತಿನ ಊಟದಲ್ಲಿ ಹೋಳಿಗೆ ಇದೆ ಎಂದು ಕೇಳಿದ್ದೇನೆ. ನಾನು ಒಂದು ತಿನ್ನುತ್ತೇನೆ, ಪೂರ್ತಿ ಒಂದು. ಎರಡನೆಯದನ್ನು ಬಡಿಸಲು ಬಂದಾಗ ನಾನು ಕೈ ಅಡ್ಡ ಹಿಡಿದರೆ ಒತ್ತಾಯ ಮಾಡಬೇಡಿ. ನನ್ನ ಪಕ್ಕದಲ್ಲಿ ಕೂತವರು ಮೂರು ತಿಂದರೆ ಅವರನ್ನು ನೋಡಿ ನಗಲೂ ಬೇಡಿ.